ಎಂಟು ದಿನದ ಉದ್ಧಾರ

(ಮಂಗಳೂರಿನ ಒಂದು ಮನೆ. ಮೊಮ್ಮಗ ಸೂಟ್‌ಕೇಸಿನ ಮೇಲೆ ಕೂತು ಜಿಪ್ ಎಳೆಯುತ್ತಿದ್ದಾನೆ.)

ಅಜ್ಜ: ಸವಾರಿ ಎಲ್ಲಿಗೆ ಮಾರಾಯ?

ಮೊಮ್ಮಗ: ಉಗಾಂಡಾಕ್ಕೆ ಅಜ್ಜ. ಮಿಷನ್ ಟ್ರಿಪ್, 8 ದಿನ.

ಅಜ್ಜ: ಹಳದಿ ಜ್ವರದ ಲಸಿಕೆ ಆಯ್ತಾ?

ಮೊಮ್ಮಗ: ಆಯ್ತು. ಸರ್ಟಿಫಿಕೇಟ್ ಊರ್ಜಿತ ಆಗ್ಲಿಕ್ಕೆ 10 ದಿನ ಬೇಕು.

ಅಜ್ಜ: ಸೂಜಿಮದ್ದಿಗೆ 10 ದಿನ, ದೇಶೋದ್ಧಾರಕ್ಕೆ ಬರೀ 8! ಅಲ್ಲಿ ಏನು ಕೆಲಸ?

ಮೊಮ್ಮಗ: ಸುವಾರ್ತೆ ಸಾರುವುದು.

ಅಜ್ಜ: ಅಲ್ಲಿ ಹತ್ತರಲ್ಲಿ ಎಂಟು ಮಂದಿ ಕ್ರೈಸ್ತರೇ ಅಲ್ವಾ?

ಮೊಮ್ಮಗ: ಒಳ್ಳೇದಾಯ್ತು, ರಿಪೋರ್ಟ್ ಬರೆಯಲು ಸುಲಭ! ಮತ್ತೆ ಶಾಲೆಯ ಗೋಡೆಗೆ ಬಣ್ಣ ಬಳಿಯಲಿಕ್ಕುಂಟು.

ಅಜ್ಜ: ಆ ಊರಲ್ಲಿ ಪೇಂಟರ್‌ಗಳಿಲ್ವಾ?

ಮೊಮ್ಮಗ: ಇದ್ದಾರೆ. ನಮ್ಮ ಫೋಟೊ ತೆಗೆಯಲು ಯಾರಾದ್ರೂ ಬೇಕಲ್ಲ!

ಅಜ್ಜ: ಲುಗಾಂಡಾ ಭಾಷೆ ಬರ್ತದಾ?

ಮೊಮ್ಮಗ: ಗೂಗಲ್ ಉಂಟು.

ಅಜ್ಜ: ಮಿಷನರಿ ಕಿಟೆಲ್ ಇಲ್ಲಿಗೆ ಬಂದದ್ದು 1853ರಲ್ಲಿ. ಅವರ ಕನ್ನಡ ನಿಘಂಟು ಅಚ್ಚಾಗುವಾಗ 1894.

ಮೊಮ್ಮಗ: ಪಾಪ, ಆಗ ನೆಟ್‌ವರ್ಕ್ ಇರಲಿಲ್ಲ.

ಅಜ್ಜ: ಒಂದು ಕೆಲಸ ಮಾಡು. ಬಣ್ಣದ ದುಡ್ಡು ಅಲ್ಲಿಯ ಪೇಂಟರ್‌ಗೆ, ವಿಮಾನದ ದುಡ್ಡು ಅಲ್ಲಿಯ ಮೇಷ್ಟ್ರ ಸಂಬಳಕ್ಕೆ ಕಳಿಸು. ಬಣ್ಣ ಬಳಿಯಲೇಬೇಕೂಂತ ಆಸೆ ಇದ್ರೆ ನಮ್ಮ ಕಾಂಪೌಂಡ್ ಗೋಡೆ ಉಂಟು. ವೀಸಾ ಬೇಡ, ಲಸಿಕೆಯೂ ಬೇಡ. ಫೋಟೊ ನಾನೇ ತೆಗೀತೇನೆ.