ಪೀಯಾರ್ ರಾಯರು

ಬೆಂಗಳೂರಿನ ಯಾವ ಸಾಫ್ಟ್‌ವೇರ್ ಕಂಪನಿಗೆ ಹೋದರೂ ಅಲ್ಲೊಬ್ಬ ಪೀಯಾರ್ ರಾಯರು ಇದ್ದೇ ಇರುತ್ತಾರೆ. ಊರು ಹಾಸನವೋ ದಾವಣಗೆರೆಯೋ ಇದ್ದೀತು. ಪೀಯಾರ್ ಎಂಬುದು ಊರಿನದೂ ಅಲ್ಲ, ಅಪ್ಪನದೂ ಅಲ್ಲ. ಕೆನಡಾದ ಪರ್ಮನೆಂಟ್ ರೆಸಿಡೆನ್ಸಿಯದು. ಅದಿನ್ನೂ ಕೈಗೆ ಬಂದಿಲ್ಲ, ಹೆಸರಿಗೆ ಮಾತ್ರ ಮುಂಗಡವಾಗಿ ಅಂಟಿಕೊಂಡಿದೆ.

ಗುರುತು ಹಿಡಿಯುವುದು ಸುಲಭ. ಆಫೀಸಿನಲ್ಲಿ ಎಲ್ಲರೂ ಕೇಕು ತಿನ್ನುವಾಗ ಒಬ್ಬರ ಮುಖ ಬಾಡಿದ್ದರೆ, ಹುಟ್ಟುಹಬ್ಬವೂ ಅವರದ್ದೇ ಆಗಿದ್ದರೆ, ಅವರೇ ರಾಯರು. ಕೆನಡಾ ವಯಸ್ಸಿಗೂ ಅಂಕ ಹಾಕುತ್ತದೆ: ಹೆಂಡತಿಯ ಜೊತೆ ಹೊರಟವರಿಗೆ 29 ವಯಸ್ಸಿನವರೆಗೆ 100 ಅಂಕ. 30 ತುಂಬಿದರೆ 95. ಹೀಗೇ ಇಳಿದು 45ಕ್ಕೆ ಸೊನ್ನೆ. ‘ನೂರು ಕಾಲ ಬಾಳಿ’ ಎಂದು ಹರಸಿದವರನ್ನು ರಾಯರು ದುರುಗುಟ್ಟಿ ನೋಡುತ್ತಾರೆ.

ಐಇಎಲ್‌ಟಿಎಸ್ ಬರೆದದ್ದಾಯಿತು, ಡಿಗ್ರಿಯ ಮೌಲ್ಯಮಾಪನಕ್ಕೆ ಕಳಿಸಿದ್ದಾಯಿತು. ಉಳಿದದ್ದು ಅನುಭವ ಪತ್ರ. ಅರ್ಜಿ ಹಾಕಲು ಕೆನಡಾದಿಂದ ಆಹ್ವಾನ ಬಂದ 60 ದಿನದೊಳಗೆ ಎಲ್ಲ ಒಪ್ಪಿಸಬೇಕಾದ್ದರಿಂದ ಈಗಿನಿಂದಲೇ ಬೇಟೆ. ಲೆಟರ್‌ಹೆಡ್ಡಿನ ಮೇಲೆ ಹುದ್ದೆ, ಮಾಡಿದ ಕೆಲಸ, ವಾರದ ಗಂಟೆಗಳು, ವರ್ಷದ ಸಂಬಳ, ಕೊಟ್ಟ ಸವಲತ್ತು ಎಲ್ಲ ಇರಬೇಕು. ಕೆಳಗೆ ಸಹಿ ಬೀಳಬೇಕು. ಹಳೆಯ ಕಂಪನಿ ಕೊಟ್ಟದ್ದು ಎರಡೇ ಸಾಲು: ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಇದ್ದರು, ಮುಂದಿನ ಜೀವನಕ್ಕೆ ಶುಭವಾಗಲಿ. ಹೆಚ್ಚಿಗೆ ಬರೆಯಲು ‘ಪಾಲಿಸಿ ಇಲ್ಲ’ವಂತೆ. ಶುಭ ಹಾರೈಕೆಗೆ ಕೆನಡಾದಲ್ಲಿ ಅಂಕವಿಲ್ಲ.

ಹಾಗಾಗಿ ಹಳೆಯ ಮ್ಯಾನೇಜರೇ ಗತಿ. ಕೆಲಸ ಬಿಡುವಾಗ ಇಡೀ ಟೀಮಿಗೆ ಕಾಪಿ ಹಾಕಿ ರಾಯರು ಬೆಂಕಿಯುಗುಳಿದ್ದು ಈತನ ಮೇಲೆಯೇ.

“ಸಾರ್, ನಮಸ್ಕಾರ. ಆರೋಗ್ಯನಾ ಸಾರ್? ಮಗಳು ಈಗ ಯಾವ ಕ್ಲಾಸು?”

ಆ ಕಡೆ ಒಂದು ನಿಟ್ಟುಸಿರು. “ಕೆನಡಾನಾ, ಆಸ್ಟ್ರೇಲಿಯಾನಾ?”

“ಕೆನಡಾ ಸಾರ್.”

“ನೀನೇ ಬರ್ಕೊಂಡು ಬಾರಯ್ಯಾ, ಸೈನ್ ಹಾಕ್ತೀನಿ.”

ಸಂಕಟ ಶುರುವಾಗುವುದೇ ಇಲ್ಲಿ. ಅಷ್ಟು ವರ್ಷ ಆಫೀಸಿನಲ್ಲಿ ಮಾಡಿದ್ದಾದರೂ ಏನು? ಕೆನಡಾ ಸರ್ಕಾರ ಪ್ರತಿ ಕಸುಬಿಗೂ ಒಂದು ಸಂಖ್ಯೆ ಕೊಟ್ಟು, ಅದರ ಕೆಲಸಗಳ ಪಟ್ಟಿಯನ್ನೂ ಕೊಟ್ಟಿದೆ. 2022ರ ನವೆಂಬರ್ 15ರ ರಾತ್ರಿ 2173 ಆಗಿ ಮಲಗಿದ್ದ ರಾಯರು 16ರಂದು ಹೊಸ ಪಟ್ಟಿ ಬಂದು 21231 ಆಗಿ ಎದ್ದರು. ಪತ್ರದಲ್ಲಿ ಬರೆದ ಕೆಲಸ ಆ ಪಟ್ಟಿಗೆ ಹೊಂದಬೇಕು. ಆದರೆ ಪಟ್ಟಿಯ ವಾಕ್ಯವನ್ನೇ ಎತ್ತಿಟ್ಟರೆ ಅಧಿಕಾರಿಗೆ ಅನುಮಾನ. ಪರೀಕ್ಷೆಯಲ್ಲಿ ಪಕ್ಕದವನದು ನೋಡಿ ಬರೆದ ಹಾಗೆ: ಉತ್ತರ ಅದೇ ಇರಬೇಕು, ನೋಡಿದ್ದು ತಿಳಿಯಬಾರದು. ಮೀಟಿಂಗಿನಲ್ಲಿ ತೂಕಡಿಸಿದ್ದು ‘ಗ್ರಾಹಕರ ಅಗತ್ಯಗಳ ಅವಲೋಕನ’ವಾಯಿತು. ಮಧ್ಯರಾತ್ರಿ ಸರ್ವರ್ ಆಫ್ ಮಾಡಿ ಆನ್ ಮಾಡಿದ್ದು ‘ವ್ಯವಸ್ಥೆಯ ನಿರ್ವಹಣೆ’ಯಾಯಿತು. ಓದಿ ನೋಡಿದ ರಾಯರಿಗೆ ತಮ್ಮ ಮೇಲೆ ಹೊಸದಾಗಿ ಗೌರವ ಹುಟ್ಟಿತು. ಇಷ್ಟೆಲ್ಲ ಮಾಡಿದವನಿಗೆ ಆ ಮನುಷ್ಯ ನಾಲ್ಕು ಪರ್ಸೆಂಟ್ ಹೈಕ್ ಕೊಟ್ಟನೇ!

ವಾರಕ್ಕೆ 30 ಗಂಟೆ ದುಡಿದರೆ ಅಲ್ಲಿನವರ ಲೆಕ್ಕಕ್ಕೆ ಪೂರ್ಣಾವಧಿ. ರಾಯರು ದುಡಿದದ್ದು ಅದರ ಎರಡರಷ್ಟು. ಕಂಪನಿ ಅದನ್ನು ಬರೆದುಕೊಟ್ಟೀತೇ? ಪತ್ರದಲ್ಲಿ ಬಂದದ್ದು 40. ಪುಟ ತಿರುಗಿಸುತ್ತಿದ್ದ ಹೆಂಡತಿ ಅಲ್ಲಿಗೇ ನಿಂತಳು. “ನಲವತ್ತೇನಾ? ಮಿಕ್ಕಿದ್ದಷ್ಟೂ ಹೊತ್ತು ಎಲ್ರೀ ಇರ್ತಿದ್ರಿ?”

ನಡುವೆ ದುಡಿದ ಸ್ಟಾರ್ಟಪ್ ಬಾಗಿಲು ಹಾಕಿ ಯಾವ ಕಾಲವಾಯಿತೋ. ಆ ಜಾಗದಲ್ಲೀಗ ದೋಸೆ ಹೋಟೆಲು. ಸಂಬಳದ ಚೀಟಿ, ಫಾರ್ಮ್ 16, ಪಿಎಫ್ ಪಾಸ್‌ಬುಕ್ ಒಟ್ಟುಮಾಡಿ, ಅಲ್ಲಿ ಜೊತೆಗಿದ್ದ ಗೆಳೆಯನಿಂದ ಸ್ಟಾಂಪ್ ಪೇಪರಿನ ಮೇಲೆ ಅಫಿಡವಿಟ್ ಮಾಡಿಸಬೇಕು. ಗೆಳೆಯ ಖುಷಿಯಿಂದ ಬಂದ, ತನ್ನದೊಂದು ಅಫಿಡವಿಟ್ ಜೇಬಿನಲ್ಲಿಟ್ಟುಕೊಂಡು. ಅವನು ದುಡಿದದ್ದಕ್ಕೆ ಇವರು ಸಾಕ್ಷಿ, ಇವರು ದುಡಿದದ್ದಕ್ಕೆ ಅವನು. ನೋಟರಿ ಎರಡಕ್ಕೂ ಮುಖ ಎತ್ತದೆ ಸೀಲು ಒತ್ತಿದರು.

ಇಷ್ಟಾದ ಮೇಲೆ ಈಗಿನ ಕಂಪನಿಯಲ್ಲಿ ಬಡ್ತಿ ಬಂತು.

“ಕಂಗ್ರಾಟ್ಸ್ ಸಾರ್, ಮ್ಯಾನೇಜರ್ ಆಗ್ತಿದೀರಿ,” ಎಂದರು ಹೆಚ್‌ಆರ್ ಮೇಡಂ. ರಾಯರ ಎದೆ ಧಸಕ್ಕೆಂದಿತು. ಮ್ಯಾನೇಜರ್ ಆದರೆ ಸಂಖ್ಯೆ 20012ಕ್ಕೆ ಹಾರುತ್ತದೆ. ಕೂಡಿಟ್ಟ ಕಾಗದವೆಲ್ಲ 21231ರದು.

“ಮೇಡಂ, ಸಂಬಳ ಬೇಕಾದ್ರೆ ಜಾಸ್ತಿ ಮಾಡಿ. ಡೆಸಿಗ್ನೇಶನ್ ಮಾತ್ರ ಮುಟ್ಟಬೇಡಿ.”

ಮೇಡಂ ಕಾರಣ ಕೇಳಲಿಲ್ಲ. ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದು, ದನಿ ತಗ್ಗಿಸಿದರು.

“ನಂದು 11200 ಸಾರ್. ಡ್ಯೂಟೀಸ್ ಪ್ಯಾರಾ ಒಂಚೂರು ನೋಡಿಕೊಡ್ತೀರಾ?”