ಅಟ್ಟದ ಮೇಲಿನ ಪ್ರಳಯಗಳು

ಮುಂಬಯಿಯ ಫ್ಲ್ಯಾಟುಗಳಲ್ಲಿ ಬಚ್ಚಲುಮನೆಯ ತಲೆಯ ಮೇಲೊಂದು ಅಟ್ಟವಿರುತ್ತದೆ. ಈ ನಗರದ ಇತಿಹಾಸ ಬರೆಯುವವರು ಗ್ರಂಥಾಲಯ ಅಲೆಯಬೇಕಿಲ್ಲ, ಸ್ಟೂಲು ಹಾಕಿಕೊಂಡು ಅದನ್ನು ಹತ್ತಿದರೆ ಸಾಕು. ಕಲೀನಾದ ನಮ್ಮ ಮನೆಯ ಅಟ್ಟದಲ್ಲಂತೂ ಆಪತ್ತುಗಳು ಪದರ ಪದರವಾಗಿ ಕೂತಿವೆ.

ತೀರ ಅಡಿಯದು 2005ರ ಪದರ. ಆ ಜುಲೈ 26ರಂದು ನಮ್ಮ ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ. ಅದೇ ಮುಂಬಯಿಯ ಕೊಲಾಬಾದಲ್ಲಿ ಬರೀ 73. ನಮ್ಮ ಕೆಳಮನೆಯವರ ಸೋಫಾ ತೇಲಿದ ಕಥೆಯನ್ನು ಕೊಲಾಬಾದ ಭಾವ ಇವತ್ತಿಗೂ ನಂಬುವುದಿಲ್ಲ. "ಮಳೆ ಬಂದಿತ್ತು, ಇಲ್ಲ ಅನ್ನುದಿಲ್ಲ. ಆದ್ರೆ ನೀವು ಹೇಳುವಷ್ಟೇನೂ ಇರ್ಲಿಲ್ಲ ಮಾರಾಯ್ರೆ" ಎನ್ನುತ್ತಾರೆ. ನೀರಿಳಿದ ವಾರವೇ ನಾವು ದಪ್ಪ ನೈಲಾನ್ ಹಗ್ಗ, ಟಾರ್ಚು, ಸಹಾಯಕ್ಕೆ ಕರೆಯಲಿಕ್ಕೊಂದು ಸೀಟಿ ಕೊಂಡೆವು. ಹಗ್ಗದ ಮೇಲೆ ಈಗ ಟವೆಲು ಒಣಗುತ್ತದೆ. ಸೀಟಿ ಮಗನ ಕೈಗೆ ಸಿಕ್ಕ ದಿನವೇ ಪಕ್ಕದ ಮನೆಯವರಿಗೆ ಆಪತ್ತಾಯಿತು.

ಅದರ ಮೇಲಿನದು 2020ರ ಜೂನಿನ 'ನಿಸರ್ಗ'. ಕಿಟಕಿಯ ಗಾಜಿಗೆಲ್ಲ ಅಡ್ಡಡ್ಡ ಟೇಪು ಅಂಟಿಸಿ ಕಾದೆವು. ಚಂಡಮಾರುತ ಅಲಿಬಾಗ್ ಕಡೆ ದಡ ಸೇರಿತು. ಮರುವರ್ಷ ಮೇ ತಿಂಗಳಲ್ಲಿ 'ತೌಕ್ತೆ' ಬರುವ ಹೊತ್ತಿಗೆ, ಮಿಕ್ಕ ಟೇಪು ಊರಿಗೆ ಕಳಿಸುವ ಪಾರ್ಸೆಲುಗಳಿಗೆ ಮುಗಿದಿತ್ತು. ಆ ದಿನ ಕೊಲಾಬಾದಲ್ಲಿ ಗಾಳಿ ಗಂಟೆಗೆ 114 ಕಿಲೋಮೀಟರ್ ವೇಗಕ್ಕೇರಿತ್ತಂತೆ. ಭಾವ ಫೋನಿನಲ್ಲಿ ವರ್ಣಿಸಿದರು. ನಂಬದಿರುವ ಸರದಿ ನಮ್ಮದಾಗಿತ್ತು.

ಆದರೆ ನನ್ನ ಮಾನ ಹೋದದ್ದು 2020ರ ಅಕ್ಟೋಬರ್ 12ರಂದು. ಹೊರಗಿನ ಗ್ರಿಡ್ ಕೆಟ್ಟರೆ ಮುಂಬಯಿ ತನ್ನನ್ನು ತಾನೇ ಬೇರ್ಪಡಿಸಿಕೊಂಡು ದೀಪ ಉಳಿಸಿಕೊಳ್ಳುವ ಏರ್ಪಾಡು 1980ರ ದಶಕದಿಂದ ಇದೆ. ಆ ಬಲದ ಮೇಲೆ, ಉಡುಪಿಗೆ ಹೋದಾಗಲೆಲ್ಲ "ನಮ್ಮಲ್ಲಿ ಕರೆಂಟ್ ಹೋಗುವುದೇ ಇಲ್ಲ" ಎಂದು ನೆಂಟರೆದುರು ಕೊಚ್ಚಿಕೊಂಡವನು ನಾನು. ಆ ಸೋಮವಾರ ಬೆಳಿಗ್ಗೆ ಏರ್ಪಾಡೇ ಕೈಕೊಟ್ಟಿತು. ಲೋಕಲ್ ರೈಲುಗಳು ನಿಂತವು, ಮಗನ ಆನ್‌ಲೈನ್ ಕ್ಲಾಸು ನಿಂತು ಅವನ ಮುಖ ಅರಳಿತು. ಪಂಪು ನಿಂತು ಮೇಲಿನ ಟ್ಯಾಂಕಿಗೆ ನೀರೂ ಏರಲಿಲ್ಲ. ಟಿವಿ ನೋಡಿದ ಅಮ್ಮ ಕೂಡಲೇ ಫೋನ್ ಮಾಡಿದರು.

"ಚಿಮಣಿ ದೀಪ ಉಂಟಾ?"

"ಬೆಳಿಗ್ಗೆ ಹತ್ತೂವರೆಗೆ ಚಿಮಣಿ ಯಾಕಮ್ಮ?"

"ಸಂಜೆ ಆಗುದಿಲ್ವಾ ಮಾರಾಯ? ಕೊಡಪಾನದಲ್ಲಿ ನೀರಾದ್ರೂ ತುಂಬ್ಸಿ ಇಟ್ಟಿದ್ದೀರಾ?"

ಅಮ್ಮನಿಗೆ ಆಪತ್ತು ಎಂಬ ಕಲ್ಪನೆಯೇ ಇಲ್ಲ, ಅವರಿಗಿರುವುದು ಮಳೆಗಾಲ. ಮೇ ಮುಗಿಯುವುದರೊಳಗೆ ಸೌದೆ ಒಳಗೆ ಬಂದಿರುತ್ತದೆ, ಹಲಸಿನ ಸೊಳೆ ಉಪ್ಪಿಗೆ ಬಿದ್ದಿರುತ್ತದೆ, ಹಪ್ಪಳ ಡಬ್ಬ ಸೇರಿರುತ್ತದೆ. ನಾವೋ ಹೋದ ಪ್ರಳಯಕ್ಕೆ ಸಾಮಾನು ಕೊಳ್ಳುವವರು. ಅಕ್ಟೋಬರಿನ ಆ ವಾರ ಒಂದು ಎಮರ್ಜೆನ್ಸಿ ದೀಪ ತಂದೆವು. ಅದನ್ನು ಚಾರ್ಜ್ ಮಾಡಬೇಕೆಂದು ನೆನಪಾಗುವುದು ಕರೆಂಟ್ ಹೋದಾಗಲೇ. 'ಆಪತ್ಕಾಲಕ್ಕೆ ಇರ್ಲಿ' ಎಂದು ಅಮ್ಮ ಕಳಿಸುವ ಹಪ್ಪಳವಂತೂ ಮೊದಲ ತುಂತುರಿಗೇ ಖಾಲಿ.

ಮನೆಯಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುವುದೆಂದರೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಕಾಗದ. ಸಮುದ್ರದ ಭರತ ನಾಲ್ಕೂವರೆ ಮೀಟರ್ ದಾಟುವ ದಿನಗಳ ಪಟ್ಟಿ ಪ್ರತಿ ಮಳೆಗಾಲದಲ್ಲೂ ಪತ್ರಿಕೆಗಳಲ್ಲಿ ಬರುತ್ತದೆ. ಆ ಹೊತ್ತಿಗೇ ಜೋರು ಮಳೆ ಹೊಡೆದರೆ ಚರಂಡಿಯ ನೀರನ್ನು ಸಮುದ್ರ ಒಳಗೆ ಬಿಟ್ಟುಕೊಳ್ಳುವುದಿಲ್ಲ. ನಮ್ಮಾಕೆ ಪಂಚಾಂಗವನ್ನಾದರೂ ಮೀರಿಯಾಳು, ಈ ಪಟ್ಟಿಯನ್ನು ಮೀರಳು. ಮಾಟುಂಗದ ಮೈಸೂರು ಅಸೋಸಿಯೇಷನ್‌ನಲ್ಲಿ ನಾಟಕ ಎಂದರೆ ಮೊದಲು ಫ್ರಿಜ್ಜಿನತ್ತ ನೋಡಿ, "4.7 ಉಂಟು. ಕಿಂಗ್ಸ್ ಸರ್ಕಲ್‌ನಲ್ಲಿ ಈಜ್ತೀರಾದ್ರೆ ಹೋಗಿ" ಎನ್ನುತ್ತಾಳೆ.

ಕಳೆದ ಸೊಸೈಟಿ ಮೀಟಿಂಗಿನಲ್ಲಿ ಯಾರೋ ಎದ್ದು, ಎಲ್ಲರೂ ಹಣ ಹಾಕಿ ಒಂದು ರಬ್ಬರ್ ದೋಣಿ ಕೊಳ್ಳೋಣವೆಂದರು. ಚಪ್ಪಾಳೆಯೂ ಬಿತ್ತು. ದೋಣಿ ಯಾರ ಪಾರ್ಕಿಂಗಿನಲ್ಲಿ ನಿಲ್ಲಬೇಕೆಂದು ಸೆಕ್ರೆಟರಿ ಕೇಳಿದರು. ಗಾಳಿ ತೆಗೆದು ಮಡಚಿಡಬಹುದು ಎಂದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಲ್ಲಿಂದ ಮಾತು ಬಾಡಿಗೆದಾರರಿಗೆ ದೋಣಿ ಹತ್ತುವ ಹಕ್ಕು ಉಂಟೋ ಇಲ್ಲವೋ ಎಂಬಲ್ಲಿಗೆ ಹರಿದು, ವಿಷಯ ಉಪಸಮಿತಿಗೆ ಹೋಯಿತು.