ಸಿಂಗಾಪುರದ ಸೋಲೋ ವೀರ

ಸೋಲೋ ಟ್ರಿಪ್ ಹೊರಡುವವನು ಮೊದಲು ಮಾಡುವ ಕೆಲಸ, ತಾನು ಒಬ್ಬನೇ ಹೊರಟಿದ್ದೇನೆ ಎಂದು ಊರಿಗೆಲ್ಲ ಸಾರುವುದು. ಆಫೀಸಿನ ಕ್ಯಾಂಟೀನು, ಅಪಾರ್ಟ್‌ಮೆಂಟಿನ ಲಿಫ್ಟು, ಕಟಿಂಗ್ ಶಾಪು, ಎಲ್ಲಿ ಹೋದರೂ ಅದೇ ಮಾತು: "ಈ ಸಲ ಯಾರೂ ಬೇಡ ಗುರು. ನಾನು, ನನ್ನ ಬ್ಯಾಗು, ಅಷ್ಟೇ." ವಯಸ್ಸು ಮೂವತ್ತರ ಆಚೀಚೆ. ಕೆಲಸ ಮಾನ್ಯತಾ ಟೆಕ್ ಪಾರ್ಕಿನಲ್ಲಿ. ಮದುವೆ ಇನ್ನೂ ಆಗಿಲ್ಲ. ಆ ವಿಷಯ ಮನೆಯಲ್ಲಿ ದಿನಾ ಬೆಳಗ್ಗೆ ಕಾಫಿಯ ಜೊತೆಗೇ ಬರುತ್ತದೆ. ಟ್ರಿಪ್ಪಿನ ನಿಜವಾದ ಕಾರಣವೂ ಅದೇ.

ಈ ತಳಿಯವರು ಹೆಬ್ಬಾಳದಿಂದ ಯಲಹಂಕದವರೆಗೆ ಬೀದಿಗೊಬ್ಬರಂತೆ ಸಿಗುತ್ತಾರೆ. ನಾವು ಮಾದರಿಗೆ ಹಿಡಿದುಕೊಂಡಿರುವ ವೀರನ ಮನೆ ಇರುವುದು ಎಂ.ಎಸ್. ಪಾಳ್ಯದ ಪಕ್ಕದ ಸಿಂಗಾಪುರದಲ್ಲಿ. ಹೊರಟಿರುವುದೂ ಸಿಂಗಾಪುರಕ್ಕೇ. ಆ ದೇಶದ ವೀಸಾಕ್ಕೆ ನಮ್ಮವರು ಅಧಿಕೃತ ಏಜೆಂಟರ ಮೂಲಕ ಅರ್ಜಿ ಹಾಕಬೇಕು, ಶುಲ್ಕ 30 ಸಿಂಗಾಪುರ ಡಾಲರ್. ಏಜೆಂಟರ ಆಫೀಸಿನಲ್ಲಿ ಅರ್ಜಿ ತಿರುವಿ ನೋಡಿದ ಹುಡುಗಿ ಅದನ್ನು ವಾಪಸು ತಳ್ಳಿದಳು. "ಸರ್, ಇಲ್ಲಿ ಹೋಗೋ ಊರಲ್ಲ, ಇರೋ ಊರು ಬರೀಬೇಕು."

"ಇರೋ ಊರೇ ಅದು, ಮೇಡಂ."

ಬೆಂಗಳೂರನ್ನು ಸಿಂಗಾಪುರ ಮಾಡುವ ಮಾತು ಎಸ್.ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದ 1999-2004ರ ಕಾಲದ್ದು. ಎಂ.ಎಸ್. ಪಾಳ್ಯದ ಕಡೆಯವರಿಗೆ ಅಂಥ ಭರವಸೆಯ ಅಗತ್ಯವೇ ಇರಲಿಲ್ಲ. ಅವರ ಕರೆಂಟ್ ಬಿಲ್ಲೇ ಸಿಂಗಾಪುರದ್ದು.

ವೀರ ಯೂಟ್ಯೂಬಿನಲ್ಲಿ ಹೋಗುವ ದೇಶದ ಕಾನೂನು ಪೂರ್ತಿ ಓದಿಕೊಂಡಿದ್ದಾನೆ. ಚೂಯಿಂಗ್ ಗಮ್ 1992ರಿಂದ ನಿಷಿದ್ಧ. ಮೆಟ್ರೊದಲ್ಲಿ ತಿಂದರೆ 500 ಡಾಲರ್‌ವರೆಗೆ ದಂಡ. ಹತ್ತಿರದಲ್ಲೇ ಕ್ರಾಸಿಂಗ್ ಇರುವಾಗ ಅದನ್ನು ಬಿಟ್ಟು ರಸ್ತೆ ದಾಟಿದರೂ ದಂಡ. ಅಮ್ಮನಿಗೆ ದಂಡದ ಭಯವಿಲ್ಲ, ಮಗ ಉಪವಾಸ ಬೀಳುವ ಭಯ. ಹಾಗಾಗಿ "ನಾನು, ನನ್ನ ಬ್ಯಾಗು" ಎಂದ ಬ್ಯಾಗಿನೊಳಗೆ ಚಟ್ನಿಪುಡಿ, ಕೋಡುಬಳೆ, ಪುಳಿಯೋಗರೆ ಗೊಜ್ಜು, ಅವಲಕ್ಕಿ. ಬಟ್ಟೆಗೆ ಉಳಿದದ್ದು ಒಂದು ಮೂಲೆ. ಜೊತೆಗೊಂದು ಫೋನ್ ನಂಬರು: ಅತ್ತೆಯ ಮಗಳ ಗಂಡನ ಸ್ನೇಹಿತರು ಅಲ್ಲೇ ಇದ್ದಾರಂತೆ. ಅಲ್ಲಿ 1996ರಲ್ಲೇ ಕನ್ನಡ ಸಂಘ ಹುಟ್ಟಿದೆ, ಆದ್ದರಿಂದ ಕನ್ನಡದವರು ಯಾರಾದರೂ ಊಟಕ್ಕೆ ಕರೆದೇ ಕರೆಯುತ್ತಾರೆ ಎಂಬುದು ಅಮ್ಮನ ಲೆಕ್ಕ.

ರಾತ್ರಿಯ ವಿಮಾನ ಹತ್ತಿದವನು ನಾಲ್ಕೂವರೆ ಗಂಟೆಯಲ್ಲಿ ಚಾಂಗಿಯಲ್ಲಿ ಇಳಿಯುತ್ತಾನೆ. ಅಲ್ಲಿನ ಜ್ಯುವೆಲ್ ಕಟ್ಟಡದೊಳಗೆ 40 ಮೀಟರ್ ಎತ್ತರದಿಂದ ಬೀಳುವ ಜಲಪಾತವಿದೆ, ಕಟ್ಟಡದೊಳಗಿನ ಜಲಪಾತಗಳಲ್ಲಿ ಜಗತ್ತಿಗೇ ದೊಡ್ಡದು, 2019ರದ್ದು. ಬೆಳಗ್ಗೆ ಆರಕ್ಕೆ ಇಳಿದವನಿಗೆ ಅದು ನಿಂತಿರುತ್ತದೆ. ವೀರ ಬ್ಯಾಗಿನ ಮೇಲೆ ಕೂತು ಕಾದ. ನೀರು ಬಂದ ತಕ್ಷಣ ಮನೆಗೆ ವಿಡಿಯೊ ಕಾಲ್.

"ಜೋಗಕ್ಕಿಂತ ದೊಡ್ಡದೇನೋ?"

"ಜೋಗ 253 ಮೀಟರಮ್ಮ. ಇದು ಒಳಗಡೆ ಇರೋದು."

"ಒಳಗಡೆ ಯಾಕೋ ಬೇಕು ನೀರು, ಗೋಡೆ ಹಾಳಾಗಲ್ವಾ?"

ಮುಂದಿನ ದಿನಗಳೆಲ್ಲ ಹೀಗೇ ಸಾಗುತ್ತವೆ. ಫೋನು ಅಮ್ಮನ ಕೈಯಿಂದ ಅಪ್ಪನಿಗೆ, ಅಪ್ಪನಿಂದ ಹಾಲು ತರಲು ಬಂದ ಪಕ್ಕದ ಮನೆ ಆಂಟಿಗೆ. "ಒಬ್ಬನೇ ನನ್ನನ್ನು ನಾನು ಹುಡುಕಿಕೊಳ್ಳಬೇಕು" ಎಂದು ಹೋದವನನ್ನು ದಿನಕ್ಕೆ ಹತ್ತಾರು ಜನ ಹುಡುಕುತ್ತಿರುತ್ತಾರೆ.

ವೀರನ ತಲೆಯಲ್ಲಿ ಒಂದು ಯಂತ್ರವಿದೆ, ಕಣ್ಣಿಗೆ ಬಿದ್ದ ಅಂಕಿಯನ್ನೆಲ್ಲ ಅದು 70ರಿಂದ ಗುಣಿಸುತ್ತದೆ. ಮೆಟ್ರೊದಲ್ಲಿ ಹಸಿವಾಯಿತು, ಕೈ ಬ್ಯಾಗಿಗೆ ಹೋಯಿತು, ಎದುರಿಗೆ ಬೋರ್ಡು ಕಂಡಿತು. ಒಂದು ಕೋಡುಬಳೆಗೆ 35 ಸಾವಿರ! ಕೈ ವಾಪಸು ಬಂತು. ಅದೇ ಬೋರ್ಡಿನಲ್ಲಿ ಡೂರಿಯನ್ ಹಣ್ಣು ತರಬಾರದು ಎಂದೂ ಇದೆ, ಅದಕ್ಕೆ ಮಾತ್ರ ದಂಡದ ಮೊತ್ತ ಬರೆದಿಲ್ಲ. ವಾಸನೆ ನೋಡಿದವರಿಗೆ ಗೊತ್ತು, ಅದಕ್ಕೆ ದರ ನಿಗದಿ ಮಾಡುವುದು ಕಷ್ಟ.

ಹಾಕರ್ ಸೆಂಟರ್ ಎಂಬ ಊಟದ ಸಂತೆಗಳು ಅಲ್ಲಿನ ಹೆಮ್ಮೆ. ಯುನೆಸ್ಕೊ 2020ರಲ್ಲಿ ಅವುಗಳ ಸಂಸ್ಕೃತಿಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಮಧ್ಯಾಹ್ನದ ನೂಕುನುಗ್ಗಲಿನಲ್ಲಿ ಖಾಲಿ ಮೇಜೊಂದು ಕಂಡಿತು. ಮೇಲೊಂದು ಟಿಶ್ಯೂ ಪೊಟ್ಟಣ. ಎಂಥ ಉಪಚಾರ ಎಂದುಕೊಂಡು ವೀರ ಅದನ್ನು ಒಡೆದು ಬೆವರು ಒರೆಸಿಕೊಂಡ. ಟಿಶ್ಯೂ ಇಟ್ಟರೆ ಜಾಗ ಹಿಡಿದಂತೆ ಎಂಬುದು ಆ ಊರಿನ ವಾಡಿಕೆ, ನಮ್ಮ ಬಸ್ಸಿನ ಕಿಟಕಿಯಿಂದ ಸೀಟಿಗೆ ಎಸೆಯುವ ಟವೆಲಿನ ಹಾಗೆ. ಜಾಗದ ಒಡತಿ ಟ್ರೇ ಹಿಡಿದು ಬಂದು ನಿಂತಾಗ ಅವಳ ಟವೆಲು ಆಗಲೇ ಇವನ ಕತ್ತಿನ ಮೇಲಿತ್ತು.

ಅಂದಿನಿಂದ ಊಟವೆಲ್ಲ ಲಿಟಲ್ ಇಂಡಿಯಾದಲ್ಲಿ. ಸೆರಂಗೂನ್ ರಸ್ತೆಯ ಕೋಮಲ ವಿಲಾಸ್ 1947ರಿಂದ ದೋಸೆ ಹಾಕುತ್ತಿದೆ. ಇನ್‌ಸ್ಟಾಗ್ರಾಮಿನಲ್ಲಿ ಮಾತ್ರ "ಲೋಕಲ್ ಫುಡ್ ಎಕ್ಸ್‌ಪ್ಲೋರಿಂಗ್". ಸೆರಂಗೂನ್ ರಸ್ತೆಗೆ ಅದು ಲೋಕಲ್ಲೇ ತಾನೆ, ಸುಳ್ಳೆನ್ನುವ ಹಾಗಿಲ್ಲ.

ಬೊಟಾನಿಕ್ ಗಾರ್ಡನ್ನಿನಲ್ಲಿ 1859 ಎಂಬ ಇಸವಿ ನೋಡಿ ವೀರನ ಎದೆ ಉಬ್ಬಿತು. "ನಮ್ಮ ಲಾಲ್‌ಬಾಗ್ ಹೈದರಾಲಿ ಕಾಲದ್ದು, 1760, ಇದಕ್ಕಿಂತ 99 ವರ್ಷ ದೊಡ್ಡದು" ಎಂದು ಪಕ್ಕದಲ್ಲಿದ್ದ ಜರ್ಮನ್ ದಂಪತಿಗೆ ವಿವರಿಸಿದ. ಅವರು ಅಲ್ಲಿ ಏನೇನು ನೋಡಬೇಕು ಎಂದು ಕೇಳಿದಾಗ ಸ್ವಲ್ಪ ತಡವರಿಸಿದ. ಲಾಲ್‌ಬಾಗಿಗೆ ಅವನು ಹೋಗಿದ್ದು ಏಳನೇ ಕ್ಲಾಸಿನಲ್ಲಿ, ಸ್ಕೂಲ್ ಟ್ರಿಪ್ಪಿಗೆ.

ಮರ್ಲಯನ್ ಎಂಬ ಸಿಂಹಮುಖದ ಮೀನು 8.6 ಮೀಟರ್ ಎತ್ತರ, 70 ಟನ್ ತೂಕ, 1972ರಿಂದ ನೀರು ಉಗುಳುತ್ತಿದೆ. (ಊರಿಗೆ ಊರೇ ಉಗುಳಬಾರದೆಂಬ ಕಾನೂನಿರುವಲ್ಲಿ ಅದಕ್ಕೊಂದಕ್ಕೇ ವಿನಾಯಿತಿ.) ಅದರ ಮುಂದೆ ನಿಂತು ಫೋಟೊ ತೆಗೆಯುವವರನ್ನು ಹುಡುಕುತ್ತಿದ್ದಾಗ ಹಿಂದಿನಿಂದ ದನಿ ಬಂತು: "ರೀ, ಸ್ವಲ್ಪ ಬಲಕ್ಕೆ ಸರೀರಿ, ಬಾಯಿಗೆ ನೀರು ಬೀಳೋ ಹಂಗೆ ಬರ್ಬೇಕು." ತುಮಕೂರಿನ ಟೂರ್ ಪ್ಯಾಕೇಜು! ತಲೆಗೊಂದು ಕೆಂಪು ಟೋಪಿ, ಕೈಗೊಂದು ನಿಪ್ಪಟ್ಟಿನ ಕವರು.

"ಒಬ್ನೇ ಬಂದಿದ್ದೀಯೇನಪ್ಪಾ? ಯಾಕೆ, ಮನೇಲಿ ಏನಾದ್ರೂ...?"

"ಇಲ್ಲ ಆಂಟಿ, ಸೋಲೋ ಟ್ರಿಪ್."

"ಅಯ್ಯೋ ಪಾಪ. ಯಾವೂರು?"

"ಸಿಂಗಾಪುರ."

"ಓ, ಇಲ್ಲೇ ಸೆಟ್ಲಾ?" ಆಂಟಿಯ ಕಣ್ಣು ದೊಡ್ಡದಾಯಿತು.

"ಅಲ್ಲ ಆಂಟಿ, ಎಂ.ಎಸ್. ಪಾಳ್ಯದ ಹತ್ರ."

ಕಣ್ಣು ಮೊದಲಿನ ಅಳತೆಗೆ ಬಂತು. "ಹಂಗೆ ಹೇಳು. ನಮ್ಮ ನಾದಿನಿ ಮನೆ ವಿದ್ಯಾರಣ್ಯಪುರದಲ್ಲೇ. ಮದ್ವೆ ಆಗಿದ್ಯಾ?"

ಹತ್ತು ನಿಮಿಷದಲ್ಲಿ ಸಂಬಳ, ಸೈಟು, ನಕ್ಷತ್ರ ಎಲ್ಲ ಇತ್ಯರ್ಥವಾದವು. ಸಂಜೆ ಗಾರ್ಡನ್ಸ್ ಬೈ ದ ಬೇಯ ದೀಪದ ಆಟವನ್ನು ವೀರ ಕೆಂಪು ಟೋಪಿ ಹಾಕಿಕೊಂಡೇ ನೋಡಿದ. ಬಯೋಡೇಟಾ ಅಷ್ಟರಲ್ಲಿ ತುಮಕೂರು ತಲುಪಿತ್ತು.

ಕೊನೆಯ ರಾತ್ರಿ ಮುಸ್ತಫಾ ಸೆಂಟರಿಗೆ ಮೀಸಲು. ದೊಡ್ಡಮ್ಮನಿಗೆ ಟೈಗರ್ ಬಾಮ್, ಅಪ್ಪನಿಗೆ ಕೊಡಲಿ ಚಿತ್ರದ ನೋವಿನೆಣ್ಣೆ, ಟೀಮಿಗೆ ಚಾಕೊಲೇಟು. ಚಿಕ್ಕಪ್ಪ ಮಾತ್ರ ಚಿನ್ನ ತರಲು ಹೇಳಿದ್ದರು. ಸುಂಕವಿಲ್ಲದೆ ಚಿನ್ನದೊಡವೆ ತರುವ ಸವಲತ್ತು ವರ್ಷಕ್ಕಿಂತ ಹೆಚ್ಚು ಹೊರದೇಶದಲ್ಲಿದ್ದು ಬರುವವರಿಗೆ ಎಂದು ವೀರ ತಿಳಿಸಿ ಹೇಳಿದ. "ಹಾಗಾದ್ರೆ ಒಂದು ವರ್ಷ ಇದ್ದೇ ಬಾ" ಎಂದರು ಚಿಕ್ಕಪ್ಪ.

ಈ ಪ್ರವಾಸದಲ್ಲಿ ಸೋಲೋ ಆಗಿದ್ದದ್ದು ಹೋಟೆಲ್ ಬಿಲ್ಲು ಒಂದೇ. ನಿಮ್ಮ ಮನೆಯಿಂದಲೂ ಇಂಥ ವೀರ ಹೊರಟಿದ್ದರೆ ಒಂದೇ ವಿನಂತಿ: ಸಿಂಗಾಪುರದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದಿದೆ. ರಾತ್ರಿ ಒಂಬತ್ತೂವರೆಗೆ ಸೀರಿಯಲ್ಲು ಮುಗಿಸಿ ನೀವು "ಊಟ ಆಯ್ತಾ?" ಎಂದು ಫೋನ್ ಮಾಡುವ ಹೊತ್ತಿಗೆ ಅಲ್ಲಿ ನಡುರಾತ್ರಿ ಹನ್ನೆರಡು. ದಯವಿಟ್ಟು ಏಳೂವರೆಯ ಒಳಗೇ ಕೇಳಿಬಿಡಿ.